ಎರಡೂ ನಲವತ್ತರ ನೀರು

ನಲ್ಲಿ ಕೊಳ್ಳುವಾಗ ಹೊಳಪು ನೋಡಬೇಡಿ, ಕೈಯಲ್ಲಿ ಹಿಡಿದು ತೂಕ ನೋಡಿ. ಹೊಳಪನ್ನು ಯಾರು ಬೇಕಾದರೂ ಮೇಲಿಂದ ಕೊಡಬಹುದು, ತೂಕವನ್ನು ಹಾಗೆ ಕೊಡಲು ಬರುವುದಿಲ್ಲ. ಬಸವೇಶ್ವರನಗರದಲ್ಲಿ ಇಪ್ಪತ್ತೆಂಟು ವರ್ಷದಿಂದ ನಲ್ಲಿ, ಪೈಪು, ಸಿಂಕು ಮಾರುತ್ತಿದ್ದೇನೆ. ಊರಿನವರಿಗೆಲ್ಲ ಕೇಳದಿದ್ದರೂ ಸಲಹೆ ಕೊಡುವ ನಾನು ಈ ಒಂದು ಮಾತನ್ನು ಮಾತ್ರ ಗಿರಾಕಿಗಳಿಗೆ ಹೇಳುವುದಿಲ್ಲ. ಹೇಳಿದರೆ ಅಂಗಡಿಯ ಅರ್ಧ ಮಾಲು ಹಾಗೇ ಉಳಿದುಹೋಗುತ್ತದೆ. ಇದನ್ನು ನನಗೆ ಕಲಿಸಿದವರೂ ಒಬ್ಬ ಗಿರಾಕಿಯೇ. ಹೋದ ತಿಂಗಳು ಅವರು ತೀರಿಕೊಂಡರು. ಬೆಳಗಿನ ಪೇಪರು ಮಡಿಲಲ್ಲಿತ್ತು, ಕನ್ನಡಕ ಮೂಗಿನ ಮೇಲೇ ಇತ್ತು. ಹೆಸರು ಬರೆಯುವುದಿಲ್ಲ. ತಾವು ಪರೀಕ್ಷಿಸದ ಕಾಗದದ ಮೇಲೆ ತಮ್ಮ ಹೆಸರು ಇರುವುದು ಅವರಿಗೆ ಸೇರುತ್ತಿರಲಿಲ್ಲ.

ಮೊದಲ ಸಲ ಅಂಗಡಿಗೆ ಬಂದು ಅಂಗಳಕ್ಕೊಂದು ನಲ್ಲಿ ಬೇಕೆಂದರು. ಕೊಟ್ಟೆ. ಕೈಯಲ್ಲಿ ಹಿಡಿದು ತೂಕ ನೋಡಿದರು. ಆಮೇಲೆ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ಕೌಂಟರಿನ ಮೇಲೆಯೇ ಅದನ್ನು ಬಿಚ್ಚಿ, ಒಳಗಿನ ಭಾಗಗಳನ್ನು ಸಾಲಾಗಿ ಇಟ್ಟು, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು.

"ಇದು ಹಿತ್ತಾಳೆ ಅಂತ ಯಾರಯ್ಯ ನಿಂಗೆ ಹೇಳಿದ್ದು?"

"ಕಂಪನಿ ಮಾಲು ಸಾರ್. ಹತ್ತು ವರ್ಷ ಗ್ಯಾರಂಟಿ."

"ಹತ್ತು ವರ್ಷ ಆದ್ಮೇಲೆ ನೀನಿರ್ತೀಯೋ, ನಾನಿರ್ತೀನೋ? ಒಳಗಡೆ ಇಟ್ಕೊಂಡಿದೀಯಲ್ಲ, ಆ ಮಾಲು ತೆಗಿ."

ಒಳಗೆ ಬೇರೆ ಮಾಲಿದೆಯೆಂದು ಹೇಗೆ ಗೊತ್ತಾಯಿತೋ, ನಾನು ಕೇಳಲಿಲ್ಲ. ತೆಗೆದುಕೊಟ್ಟೆ. ಅದನ್ನೂ ಬಿಚ್ಚಿ ನೋಡಿ, ಮತ್ತೆ ಜೋಡಿಸಿ, "ಪಾಸ್" ಅಂದರು. ಅವತ್ತಿನಿಂದ ನನ್ನನ್ನು ಸಾಹುಕಾರ ಅಂತಲೇ ಕರೆದರು. ಆ ಕರೆಯಲ್ಲಿ ಮರ್ಯಾದೆ ಇರಲಿಲ್ಲ, ಆದರೆ ಸಲುಗೆ ಇತ್ತು.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಅವರು ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರಾಗಿದ್ದವರು. ತಯಾರಾದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಸಹಿ, ಇಲ್ಲದಿದ್ದರೆ ಕೆಂಪು ಪೆನ್ಸಿಲಿನ ಗೀಟು. ಅವರ ಸಹಿಯಿಲ್ಲದೆ ಒಂದು ಬೋಲ್ಟೂ ಗೇಟು ದಾಟುತ್ತಿರಲಿಲ್ಲವಂತೆ. ಅವರದೊಂದು ಕ್ರಮವಿತ್ತು: ಬೆಳಿಗ್ಗೆ ಅಳೆದದ್ದನ್ನು ಮಧ್ಯಾಹ್ನ ಮತ್ತೊಮ್ಮೆ ಅಳೆಯುವುದು. ಎರಡೂ ಸಲ ಒಂದೇ ಅಳತೆ ಬಂದರೆ ಮಾತ್ರ ಸಹಿ. ನಿವೃತ್ತರಾದ ಮೇಲೂ ಷರ್ಟಿನ ಜೇಬಿನಲ್ಲಿ ಆರಿಂಚಿನ ಸ್ಟೀಲ್ ಸ್ಕೇಲು, ಒಂದು ಸಣ್ಣ ನೋಟ್‌ಬುಕ್ಕು, ಕೆಂಪು ಪೆನ್ಸಿಲು ಇದ್ದೇ ಇರುತ್ತಿದ್ದವು. ದೇವರು, ದೆವ್ವ, ಜ್ಯೋತಿಷ್ಯ, ಟೀವಿ ಜಾಹೀರಾತು, ನನ್ನ ಮಾತು, ಇವೆಲ್ಲ ಅವರಿಗೆ ಒಂದೇ ಪಟ್ಟಿಯಲ್ಲಿದ್ದವು.

ಮಗಳಿಗೆ ಗಂಡು ನೋಡುವಾಗ ಒಬ್ಬ ಜ್ಯೋತಿಷಿಯನ್ನು ಅವರ ಮನೆಗೆ ಕರೆದುಕೊಂಡು ಹೋದವನು ನಾನೇ. ಇವರು ತಣ್ಣಗೆ ಎರಡು ಜಾತಕ ತಂದು ಮುಂದಿಟ್ಟರು. ಆತ ಗುಣಿಸಿ, ಭಾಗಿಸಿ, ತಲೆಯಾಡಿಸಿ, "ಈ ಸಂಬಂಧ ಬೇಡ ಸ್ವಾಮಿ. ಆರು ತಿಂಗಳೂ ಕೂಡಿ ಬಾಳಲ್ಲ" ಅಂದ. ಅವು ಇವರದೂ ಇವರ ಹೆಂಡತಿಯದೂ ಜಾತಕಗಳು, ಮದುವೆಯಾಗಿ ಇಪ್ಪತ್ತೆಂಟು ವರ್ಷವಾಗಿತ್ತು. ಕಾಫಿ ತಂದ ಆಕೆ ಬಾಗಿಲಲ್ಲೇ ನಿಂತು ನಕ್ಕರು. "ಆರು ತಿಂಗಳಂತೆ ಕಣ್ರೀ! ನಾನು ಎಷ್ಟು ಸಹಿಸ್ಕೊಂಡಿದೀನಿ ಅಂತ ಇವ್ರಿಗೂ ಗೊತ್ತಾಗಿದೆ."

ಆಕೆಗೆ ಪೀಣ್ಯದ ಕಡೆ ಒಂದು ಬಲ್ಬ್ ಕಾರ್ಖಾನೆಯಲ್ಲಿ ಕೆಲಸ, ಯಾವಾಗಲೂ ಮೊದಲ ಪಾಳಿ. ಕಂಪನಿಯ ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸುತ್ತಿತ್ತು, ಅಲ್ಲಿಂದ ನಡೆದು ಮನೆಗೆ ಬರುವಾಗ ಎರಡೂ ನಲವತ್ತು. ವಯಸ್ಸಿನಲ್ಲಿ ಎಂಟು ವರ್ಷ ದೊಡ್ಡವರಾದ ಇವರು ಮೊದಲು ನಿವೃತ್ತರಾದರು, ಆಕೆ ಇನ್ನೂ ಕೆಲಸಕ್ಕೆ ಹೋಗುತ್ತಿದ್ದರು. ಹಾಗಾಗಿ ಕೊನೆಯ ನಾಲ್ಕು ವರ್ಷ ಆ ಮನೆಯಲ್ಲಿ ಅನ್ನ ಸಾರು ಮಾಡುತ್ತಿದ್ದವರು ಇವರು. ಎರಡೂವರೆಗೆ ಎರಡು ತಟ್ಟೆ ಇಟ್ಟು ಕುರ್ಚಿಯಲ್ಲಿ ಕೂರುವರು. ಗೇಟಿನ ಚಿಲಕ ಸದ್ದಾಗುವುದು. ಆಮೇಲೆ ಅಂಗಳದ ನಲ್ಲಿ ಬಿಟ್ಟು, ಬಕೆಟ್ಟಿಗೆ ನೀರು ಹಿಡಿದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಆಕೆ ಚೊಂಬಿನಿಂದ ಕಾಲಿಗೆ ನೀರು ಹುಯ್ದುಕೊಳ್ಳುವ ಸದ್ದು. ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಬರಬಾರದೆಂಬುದು ಆಕೆಯ ಕಟ್ಟುನಿಟ್ಟು. ನಾನು ಅಳತೆ ತೆಗೆಯಲು ಹೋದರೂ ಸರಿಯೇ, ಚೊಂಬು ಕೈಗೆ ಕೊಟ್ಟುಬಿಡುತ್ತಿದ್ದರು.

ಒಂದು ಶನಿವಾರ ಇವರು ತಟ್ಟೆ ಇಟ್ಟು ಕಾದರು. ಎರಡೂ ನಲವತ್ತಾಯಿತು, ಮೂರಾಯಿತು. ಮೂರು ಕಾಲಿಗೆ ಕಾರ್ಖಾನೆಯಿಂದ ಫೋನು ಬಂತು. ಪಾಳಿ ಮುಗಿಸಿ ಬಸ್ಸು ಹತ್ತಲು ಸಾಲಿನಲ್ಲಿ ನಿಂತಿದ್ದಾಗ ಆಕೆ ಕುಸಿದುಬಿದ್ದಿದ್ದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಜೀವವಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಇವರು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು, "ಅಂಗಳದ ನಲ್ಲಿ ತಾನಾಗೇ ಬಿಟ್ಕೊಳ್ತಾ ಇದೆ, ನೋಡು" ಅಂದರು.

"ವಾಷರ್ ಹೋಗಿರುತ್ತೆ ಸಾರ್."

"ದಿನಾ ಎರಡೂ ನಲವತ್ತಕ್ಕೆ ಮಾತ್ರ ಹೋಗೋ ವಾಷರ್ ಎಲ್ಲಿ ಸಿಗುತ್ತಯ್ಯ?"

ಕಾವೇರಿ ನೀರು ಬಿಡುವಾಗ ಪೈಪಿನಲ್ಲಿ ಗಾಳಿ ಸೇರಿ ಸದ್ದಾಗುತ್ತದೆ, ಅದೇ ಇರಬೇಕೆಂದೆ. ನೋಟ್‌ಬುಕ್ಕು ತೆರೆದು ತೋರಿಸಿದರು. ನೀರು ಬಂದ ದಿನಗಳು, ಬಾರದ ದಿನಗಳು, ಪಕ್ಕದ ಮನೆಯ ಪಂಪು ಓಡಿದ ಹೊತ್ತು, ಎಲ್ಲವೂ ಅಲ್ಲಿದ್ದವು. ಯಾವುದಕ್ಕೂ ಈ ಸದ್ದಿಗೂ ತಾಳೆಯಿರಲಿಲ್ಲ. ಪ್ಲಂಬರನನ್ನು ಕಳಿಸಿ ವಾಷರ್ ಬದಲಾಯಿಸಿದೆ, ಆಮೇಲೆ ನಲ್ಲಿಯನ್ನೇ ಬದಲಾಯಿಸಿದೆ. ಕೊನೆಗೆ ಅವರ ಮಾತಿನ ಮೇಲೆ ನಲ್ಲಿಯನ್ನು ತೆಗೆದು ಪೈಪಿನ ಬಾಯಿಗೆ ಬಿರಡೆ ಹಾಕಿಸಿದೆ. ಮಾರನೆಯ ದಿನ ಮತ್ತೆ ಬಂದರು.

"ನಲ್ಲೀನೇ ಇಲ್ಲ. ಕಲ್ಲು ಒಣಗಿದೆ. ಆದ್ರೂ ನೀರು ಬಿತ್ತು. ಕಾಲಿನ ಮೇಲೆ ಬೀಳೋ ನೀರು, ಕಲ್ಲಿನ ಮೇಲೆ ಬೀಳೋದಲ್ಲ. ಎರಡಕ್ಕೂ ವ್ಯತ್ಯಾಸ ಇದೆ."

ಕೌಂಟರಿನ ಮೇಲಿದ್ದ ನಲ್ಲಿಯೊಂದನ್ನು ತಿರುಗಿಸುತ್ತಾ ಅಂದರು: "ತಲೆಯೊಳಗೆ ಆಗ್ತಿರೋದು ಅಂತ ಗೊತ್ತು ಕಣಯ್ಯ. ನಾನೇನು ದಡ್ಡ ಅಲ್ಲ. ಆದ್ರೆ ಕೇಳುತ್ತೆ."

ನಾನು ಶನಿವಾರ ಎಳ್ಳೆಣ್ಣೆ ದೀಪ ಹಚ್ಚುವವನು, ಇಂಥದ್ದಕ್ಕೆ ನನ್ನಲ್ಲಿ ಹತ್ತು ಉತ್ತರಗಳಿದ್ದವು. ಒಂದನ್ನೂ ಹೇಳಲಿಲ್ಲ. ಹೆದರಿಕೆ ಮಾತ್ರ ಆಯಿತು. ಸದ್ದು ಕೇಳುತ್ತದೆಂದಲ್ಲ, ಅದನ್ನು ಹೇಳುತ್ತಿರುವವರು ಇವರೆಂದು. ಮನೆಗೆ ಹೋಗಿ ಯೋಚಿಸಿದೆ. ಇದು ಹೀಗೇ ಬೆಳೆದರೆ ಮನುಷ್ಯ ಕೈಬಿಟ್ಟುಹೋಗುತ್ತಾರೆ, ಹೇಗಾದರೂ ಆ ಸದ್ದು ನಿಲ್ಲಿಸಬೇಕು. ನಿಲ್ಲಿಸಬೇಕೇ ಎಂದು ಅವರನ್ನು ಕೇಳಬೇಕೆನ್ನುವುದು ನನಗೆ ಹೊಳೆಯಲೇ ಇಲ್ಲ. ಸಲಹೆ ಕೊಡುವವರಿಗೆ ಅದು ಹೊಳೆಯುವುದಿಲ್ಲ.

ಆಗ ತಾನೇ ಕನಕಪುರದಾಚೆ ಕಾಡಿನ ಅಂಚಿನಲ್ಲಿ ಆರೋಗ್ಯಧಾಮವೆಂದು ಒಂದು ರೆಸಾರ್ಟ್ ಎದ್ದಿತ್ತು. ಇಪ್ಪತ್ತು ಕಾಟೇಜುಗಳ ನಲ್ಲಿ, ಷವರ್ ಎಲ್ಲ ನಮ್ಮ ಅಂಗಡಿಯದು. ವ್ಯಾಪಾರ ಮುಗಿಸಿ ಎದ್ದ ಮೇಲೆ, ಬಾಗಿಲ ಹತ್ತಿರ ನಿಂತು, ಮ್ಯಾನೇಜರನಿಂದ ಇಬ್ಬರಿಗೆ ಐದು ದಿನದ ವಾಸ್ತವ್ಯ ಗಿಟ್ಟಿಸಿಕೊಂಡಿದ್ದೆ. ಇದನ್ನು ನೀವೂ ನೆನಪಿಡಿ: ಕೇಳಬೇಕಾದ್ದನ್ನು ಮೇಜಿನ ಮುಂದೆ ಕೂತು ಕೇಳಬಾರದು, ಚಪ್ಪಲಿ ಹಾಕಿಕೊಳ್ಳುವಾಗ ಕೇಳಬೇಕು. ನನ್ನ ಹೆಂಡತಿ, "ಗಂಜಿ ಕುಡಿಯೋಕೆ ಕಾಡಿಗ್ಯಾಕೆ ಹೋಗ್ಬೇಕು? ಇಲ್ಲೇ ಕಾಯಿಸಿ ಕೊಡ್ತೀನಿ, ಕುಡ್ಕೊಂಡು ಬಿದ್ದಿರಿ" ಅಂದಿದ್ದಳು. ಇವರನ್ನು ಕರೆದೆ.

"ಮೈಗೆ ಎಣ್ಣೆ ಹಚ್ಚಿ, ಮರ ತೋರಿಸಿ, ಬಿಲ್ ಕೊಡ್ತಾರೆ. ನಂಗ್ಯಾಕಯ್ಯ ಅದೆಲ್ಲ?"

"ಬಿಲ್ ಇಲ್ಲ ಸಾರ್, ಫ್ರೀ."

"ಫ್ರೀ ಮಾಲನ್ನ ನಾನು ಇನ್ನೂ ಜಾಸ್ತಿ ಚೆಕ್ ಮಾಡ್ತೀನಿ."

ಕೊನೆಗೆ ಅವರ ಭಾಷೆಯಲ್ಲೇ ಮಾತಾಡಿದೆ. "ಸಾರ್, ಅಲ್ಲೂ ಸದ್ದು ಬರುತ್ತೋ ಇಲ್ವೋ ನೋಡಬಹುದಲ್ಲ. ಪೈಪಿಂದೋ, ಮನೇದೋ, ನಿಮ್ದೋ, ಒಂದು ತೀರ್ಮಾನ ಆಗುತ್ತೆ." ಕನ್ನಡಕ ತೆಗೆದು ಒರೆಸಿದರು. ಹೊಸ ನೋಟ್‌ಬುಕ್ಕು ಕೊಂಡು ಹೊರಟರು.

ಕೆಂಗೇರಿ ದಾಟುವವರೆಗೂ ಮೆಟ್ರೋ ಕಂಬಗಳ ಕಾಂಕ್ರೀಟಿನಲ್ಲಿ ಲೋಪ ಹುಡುಕುತ್ತಿದ್ದವರು ಆಮೇಲೆ ಮಾತು ನಿಲ್ಲಿಸಿದರು. ರೆಸಾರ್ಟಿನ ಬಾಗಿಲಲ್ಲಿ ರೇಷ್ಮೆ ಅಂಚಿನ ಸೀರೆಯುಟ್ಟ ಒಬ್ಬ ಹೆಂಗಸು ನಮ್ಮನ್ನು ಮಣೆಯ ಮೇಲೆ ನಿಲ್ಲಿಸಿ ತಾಮ್ರದ ಚೊಂಬಿನಿಂದ ಕಾಲಿಗೆ ನೀರು ಹುಯ್ದರು, ಅತಿಥಿಗಳನ್ನು ಬರಮಾಡಿಕೊಳ್ಳುವ ಕ್ರಮವಂತೆ. ನೀರು ಬಿದ್ದ ಕೂಡಲೇ ಇವರು ಬೆಂಕಿ ತುಳಿದವರಂತೆ ಹಿಂದೆ ಸರಿದರು. "ಬೇಡಮ್ಮ, ಬೇಡ. ನಾನೇ ತೊಳ್ಕೋತೀನಿ" ಅಂದು ಚೊಂಬು ಕಿತ್ತುಕೊಂಡರು. ಆ ರಭಸಕ್ಕೆ ನೀರೆಲ್ಲ ಮಣ್ಣಿನ ಪಾಲಾಯಿತು. ಕಾಲು ತೊಳೆಯದೆಯೇ ಒಳಗೆ ನಡೆದರು.

ಅವತ್ತು ಎರಡೂವರೆಗೆ ಕಾಟೇಜಿನ ಜಗಲಿಯಲ್ಲಿ ಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತರು. ಸುತ್ತ ಬಿದಿರು, ಮತ್ತಿಮರ, ಅದರಾಚೆ ಆನೆ ಬಾರದಂತೆ ತೋಡಿದ ಕಂದಕ. ಮಧ್ಯಾಹ್ನದ ಕಾಡು ಎಷ್ಟು ನಿಶ್ಶಬ್ದವೆಂದರೆ ಒಣಗಿದ ಎಲೆಯೊಂದು ಕೊಂಬೆಯಿಂದ ಕೊಂಬೆಗೆ ತಾಗಿ ಇಳಿಯುವುದು ಕೇಳುತ್ತಿತ್ತು. ಎರಡೂ ನಲವತ್ತು ದಾಟಿತು. ಮೂರಾದ ಮೇಲೆ ನಾನೇ ಕೇಳಿದೆ.

"ಕೇಳ್ತು," ಅಂದರು. "ಆದ್ರೆ ತುಂಬ ದೂರದಲ್ಲಿ. ಅವಳಿಗೆ ದಾರಿ ಗೊತ್ತಿಲ್ಲ ಪಾಪ." ತಕ್ಷಣ ನನ್ನ ಕಡೆ ತಿರುಗಿ, "ಅವಳಿಗೆ ಅಂದ್ರೆ, ಆ ಸದ್ದಿಗೆ" ಅಂದರು. ನಾನು ತಲೆಯಾಡಿಸಿದೆ. ಆ ಬಿದಿರಿನ ಕಡೆ ಮತ್ತೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಹಾಗೆಂದು ಅಲ್ಲಿ ಅವರು ಸುಮ್ಮನಿರಲಿಲ್ಲ. ನಾಡಿ ನೋಡುವ ವೈದ್ಯೆ ಬೆಳಿಗ್ಗೆ ಕೈ ಹಿಡಿದು ವಾತ ಹೆಚ್ಚಿದೆಯೆಂದರು. ಸಂಜೆ ಇವರು ಮತ್ತೆ ಹೋಗಿ ಕೈ ಚಾಚಿದರು. "ಪಿತ್ತ ಸ್ವಲ್ಪ ಜಾಸ್ತಿ ಕಾಣುತ್ತೆ" ಅಂದರು ಆಕೆ.

"ಬೆಳಿಗ್ಗೆ ವಾತ ಇತ್ತಲ್ಲಮ್ಮ?"

"ಮಧ್ಯಾಹ್ನ ಏನು ತಿಂದ್ರಿ ಸಾರ್?"

"ನೀವು ಕೊಟ್ಟಿದ್ದೇ ಗಂಜಿ."

ಪಾಪ, ಆಕೆ ನಕ್ಕುಬಿಟ್ಟರು. ಇವರೂ ನಕ್ಕರು, ನಕ್ಕರೂ ನೋಟ್‌ಬುಕ್ಕಿನಲ್ಲಿ ಕೆಂಪು ಗೀಟು ಎಳೆದರು. ಮರವನ್ನು ತಬ್ಬಿಕೊಂಡು ಐದು ನಿಮಿಷ ಕಣ್ಣು ಮುಚ್ಚಿರಿ ಎಂದವರ ಮುಂದೆ ಮತ್ತಿಮರದ ಸುತ್ತಳತೆ ತೆಗೆದು, "ನಲವತ್ತು ಇಂಚು. ತಬ್ಬಿಕೊಂಡ್ರೂ ಅಷ್ಟೇ, ಬಿಟ್ರೂ ಅಷ್ಟೇ" ಅಂದರು. ಉಳಿದ ಅತಿಥಿಗಳು ಇವರ ಹಿಂದೆ ಹಿಂದೆ ಓಡಾಡತೊಡಗಿದರು. ಅಂಥ ರೆಸಾರ್ಟಿನಲ್ಲಿ ಬೇರೆ ಮನರಂಜನೆ ಇರಲಿಲ್ಲ.

ಈ ಮಧ್ಯೆ ನಾನೊಂದು ಕೆಲಸ ಮಾಡಿದೆ. ಹಣೆಯ ಮೇಲೆ ಬೆಚ್ಚಗಿನ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುವ ಚಿಕಿತ್ಸೆಯೊಂದಿತ್ತು. ಮಲಗಿದವರಿಗೆ ಹತ್ತು ನಿಮಿಷದಲ್ಲಿ ನಿದ್ದೆ ಬರುತ್ತದೆ. ಇವರಿಗೆ ಗೊತ್ತಾಗದಂತೆ ಅಲ್ಲಿನವರಿಗೆ ಹೇಳಿ, ಉಳಿದ ನಾಲ್ಕು ದಿನವೂ ಇವರ ಸರದಿಯನ್ನು ಮಧ್ಯಾಹ್ನ ಎರಡಕ್ಕೆ ಹಾಕಿಸಿದೆ. ಕೋಣೆಗೆ ಗಡಿಯಾರ ಒಯ್ಯುವಂತಿರಲಿಲ್ಲ. ಕುಡಿಯುವ ಚಟವಿದ್ದವರನ್ನು ಕುಡಿಯುವ ಹೊತ್ತಿಗೆ ಬೇರೆ ಕೆಲಸಕ್ಕೆ ಹಚ್ಚುತ್ತೇವಲ್ಲ, ಅದೇ ಲೆಕ್ಕ ನನ್ನದು. ಆ ಹೊತ್ತು ನಾಲ್ಕು ಸಲ ತಪ್ಪಿದರೆ ಸದ್ದೂ ತಪ್ಪುತ್ತದೆ.

ಮೊದಲ ದಿನ ಎಣ್ಣೆ ಬಿದ್ದ ಕೂಡಲೇ ಗೊಣಗಿದರಂತೆ, "ಧಾರೆ ಒಂದೇ ಸಮ ಇಲ್ಲ" ಎಂದು. ಆಮೇಲೆ ನಿದ್ದೆ. ತಿಂಗಳುಗಟ್ಟಲೆ ಸರಿಯಾಗಿ ಮಲಗದವರು ನಾಲ್ಕು ಗಂಟೆಗೆ ಎದ್ದು ಬಂದು, ಮಗುವಿನ ಹಾಗೆ ಕಣ್ಣುಜ್ಜಿಕೊಳ್ಳುತ್ತಾ ಎಷ್ಟು ಗಂಟೆಯೆಂದು ಕೇಳಿದರು. ಹೇಳಿದೆ. "ಓ" ಅಂದರು. ಅಷ್ಟೇ. ನಾಲ್ಕು ದಿನವೂ ಹಾಗೆಯೇ ಆಯಿತು. ಕೊನೆಯ ದಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು, "ಸಾಹುಕಾರ, ಒಪ್ಪಬೇಕಾದ್ದನ್ನ ಒಪ್ಪಬೇಕು. ಮೈ ಹಗುರ ಆಗಿದೆ" ಅಂದರು. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ದೊಡ್ಡ ಆರ್ಡರು ಹಿಡಿದಷ್ಟು ಸಂತೋಷವಾಯಿತು.

ಮನೆಗೆ ಬಂದ ಮೇಲೆ ಸದ್ದು ಬರಲಿಲ್ಲ. ಮೊದಲ ವಾರ ಅಂಗಡಿಗೆ ಬಂದು "ನಿಂತುಹೋಯ್ತು ಕಣಯ್ಯ" ಅಂದರು. ನಾನು ಅದನ್ನು ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಹೇಳಿಕೊಂಡು ಬಂದೆ, ಇಬ್ಬರಿಗೆ ಆ ರೆಸಾರ್ಟಿನ ವಿಳಾಸವನ್ನೂ ಕೊಟ್ಟೆ. ಎರಡನೆಯ ವಾರ ಬಂದರು, ಏನೂ ಹೇಳಲಿಲ್ಲ. ಮೂರನೆಯ ವಾರ ಸ್ಟೂಲಿನ ಮೇಲೆ ಕೂಡ ಕೂರದೆ, ನಿಂತೇ ಹೇಳಿದರು:

"ಆ ಹಳೇ ನಲ್ಲಿ ವಾಪಸ್ ಹಾಕಿಸು."

"ಯಾಕೆ ಸಾರ್, ಮತ್ತೆ ಶುರುವಾಯ್ತಾ?"

"ಇಲ್ಲ. ಅದಕ್ಕೇ."

ಆಗ ಅರ್ಥವಾಯಿತು. ಆಕೆ ಬದುಕಿದ್ದಾಗ ಇದ್ದ ನಲ್ಲಿ ನನ್ನ ಗುಜರಿ ಬುಟ್ಟಿಗೆ ಬಿದ್ದು, ಉಳಿದ ಹಿತ್ತಾಳೆಯ ಜೊತೆ ಎಂದೋ ಕರಗಿಹೋಗಿತ್ತು. ಅದೇ ಅಳತೆಯ ಇನ್ನೊಂದನ್ನು ಹಾಕಿಸಿದೆ. ಬಕೆಟ್ಟು, ಚೊಂಬು ಅದೇ ಜಾಗಕ್ಕೆ ಬಂದವು. ಅಡುಗೆ ಮತ್ತೆ ಎರಡು ತಟ್ಟೆಗಾಯಿತು. ಸದ್ದು ಬರಲಿಲ್ಲ. ಫ್ಯಾನು ಆರಿಸಿದರು, ಗಡಿಯಾರದ ಸೆಲ್ಲು ತೆಗೆದರು, ಕಿವಿಯ ಡಾಕ್ಟರಿಗೂ ತೋರಿಸಿದರು. ಜ್ಯೋತಿಷಿಯನ್ನು ಪರೀಕ್ಷಿಸಲು ತಮ್ಮದೇ ಜಾತಕ ಮುಂದಿಟ್ಟ ಮನುಷ್ಯ, ಒಂದು ಸಂಜೆ ನನ್ನೆದುರು ಕೂತು, "ಆ ವೈದ್ಯೇನ ಕೇಳ್ತೀಯಾ? ಮಾಡಿದ್ದನ್ನ ವಾಪಸ್ ತೆಗೆಯೋಕೆ ಏನಾದ್ರೂ ಇದ್ಯಾ ಅಂತ?" ಎಂದು ಕೇಳಿದರು. ಫೋನು ಮಾಡಿದೆ. ಆಕೆಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಮಧ್ಯಾಹ್ನ ಎರಡರ ಸರದಿ ಹಾಕಿಸಿದವನು ನಾನೆಂದು ಇವರಿಗೆ ಆಗಲೂ ಹೇಳಲಿಲ್ಲ.

ಒಂದು ದಿನ ಮಧ್ಯಾಹ್ನ ಬಂದು ಕೂರೆಂದು ಕರೆದರು. ಹೋದೆ. ಕಾಲು ತೊಳೆದು ಒಳಗೆ ಹೋದೆ. ಅವರು ತಮ್ಮ ಕುರ್ಚಿಯಲ್ಲಿ, ನಾನು ಕಿಟಕಿಯ ಹತ್ತಿರ. ಆ ಹೊತ್ತಿನಲ್ಲಿ ನಮ್ಮ ಕಡೆಯ ಕ್ರಾಸ್ ರಸ್ತೆಗಳು ಹೇಗಿರುತ್ತವೆಂದು ನಿಮಗೆ ಗೊತ್ತು. ತರಕಾರಿ ಗಾಡಿ ಹೋಗಿರುತ್ತದೆ, ಶಾಲೆಯ ವ್ಯಾನು ಇನ್ನೂ ಬಂದಿರುವುದಿಲ್ಲ. ಬಿಸಿಲು ಗೋಡೆಯ ಮೇಲೆ ಒರಗಿಕೊಂಡಿರುತ್ತದೆ. ಎರಡೂ ನಲವತ್ತಾಯಿತು. ಅವರು ಕಣ್ಣು ಮುಚ್ಚಿದ್ದರು.

"ನಂಗೆ ಏನೂ ಇಲ್ಲ," ಅಂದರು. "ನಿಂಗೆ?"

ವ್ಯಾಪಾರದಲ್ಲಿ ಇಪ್ಪತ್ತೆಂಟು ವರ್ಷ ನಾನು ಕಲಿತದ್ದೆಲ್ಲ ನಾಲಿಗೆಯ ತುದಿಗೆ ಬಂತು.

"ಕೇಳ್ತು ಸಾರ್."

ಕಣ್ಣು ತೆರೆದರು. ಅದು ಇನ್‌ಸ್ಪೆಕ್ಟರನ ಕಣ್ಣು. "ಎಷ್ಟು ಚೊಂಬು?"

ಇದನ್ನು ಅವರು ನನಗೆ ಯಾವತ್ತೂ ಹೇಳಿರಲಿಲ್ಲ. ಆದರೆ ಸಂಖ್ಯೆ ಕೇಳಿದಾಗ ತಡವರಿಸಬಾರದೆಂಬುದು ಅಂಗಡಿಯವನ ಮೊದಲ ಪಾಠ. ಎರಡನೆಯ ಪಾಠ, ಸುಳ್ಳು ಹೇಳಿದರೆ ಅದಕ್ಕೊಂದು ಸಣ್ಣ ಕೊರತೆ ಸೇರಿಸಬೇಕು. ಪೂರ್ತಿ ಚೆನ್ನಾಗಿರುವ ಸುಳ್ಳನ್ನು ಯಾರೂ ನಂಬುವುದಿಲ್ಲ.

"ಎರಡು ಸಾರ್. ಎರಡನೇದು ಪೂರ್ತಿ ಹುಯ್ಯಲಿಲ್ಲ. ಅರ್ಧಕ್ಕೆ ನಿಂತ ಹಾಗಿತ್ತು."

ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ನೋಟ್‌ಬುಕ್ಕು ತೆಗೆದು ಏನೋ ಬರೆದುಕೊಂಡು, "ಊಟ ಮಾಡು" ಅಂದರು. ಎರಡನೆಯ ತಟ್ಟೆಗೆ ಬಡಿಸಿದರು. ನಾನು ಉಂಡೆ. ಹೊರಡುವಾಗ ಗೇಟಿನವರೆಗೂ ಬಂದು, "ನಾಳೇನೂ ಬಾ. ನಂಗೆ ಕೇಳಲ್ಲ. ನೀನು ಕೇಳಿ ಹೇಳು" ಅಂದರು.

ಎಂಟು ತಿಂಗಳು ಹೋದೆ. ಅಂಗಡಿಯನ್ನು ಹೆಂಡತಿಗೆ ಬಿಟ್ಟು, ಎರಡೂ ಕಾಲಿಗೆ ಹೊರಟು, ಮೂರೂವರೆಗೆ ವಾಪಸ್. "ಯಾವಳಾದ್ರೂ ಇಟ್ಕೊಂಡಿದೀರೇನ್ರೀ?" ಎಂದು ಹೆಂಡತಿ ಛೇಡಿಸಿದಳು. ಏನು ಹೇಳಲಿ? ಒಬ್ಬರು ತೀರಿಹೋದವರು ಕಾಲು ತೊಳೆಯುವುದನ್ನು ಕೇಳಲು ಹೋಗುತ್ತೇನೆ ಎನ್ನಲೇ? ದಿನವೂ ಏನಾದರೊಂದು ಹೇಳುತ್ತಿದ್ದೆ. ಇವತ್ತು ಬೇಗ ಆಯಿತು. ಇವತ್ತು ಚೊಂಬು ಕೈಜಾರಿತು. ಇವತ್ತು ಮೂರು ಚೊಂಬು, ದೂಳು ಜಾಸ್ತಿ ಇರಬೇಕು. ಅವರು ಅಡ್ಡಪ್ರಶ್ನೆ ಹಾಕುತ್ತಿದ್ದರು, ಬರೆದುಕೊಳ್ಳುತ್ತಿದ್ದರು. ಮೈ ಸ್ವಲ್ಪ ತುಂಬಿಕೊಂಡರು. ತುಮಕೂರಿನಿಂದ ಮಗಳು ಫೋನು ಮಾಡಿ, "ಅಪ್ಪ ಗೆಲುವಾಗಿದಾರೆ ಅಂಕಲ್, ನಿಮ್ಮಿಂದ" ಅಂದಳು. ನನಗೋ, ಆ ಮನೆಯ ಗೇಟು ಮುಟ್ಟುವಾಗ ಭಯವಾಗತೊಡಗಿತು. ಇಲ್ಲದ್ದನ್ನು ದಿನಾ ಇದೆಯೆಂದು ಹೇಳುತ್ತ ಹೋದರೆ, ಒಂದು ದಿನ ಅದು ತಿರುಗಿ ನೋಡಿದರೆ?

ತಪ್ಪಿದ್ದು ಒಂದು ಗುರುವಾರ. ಲಗ್ಗೆರೆಯ ಗೋಡೌನಿಗೆ ಲೋಡು ಬಂದಿತ್ತು, ಇಳಿಸಿಕೊಳ್ಳಲು ನಾನೇ ನಿಲ್ಲಬೇಕಾಯಿತು. ಕೈಯಲ್ಲಿ ಪಟ್ಟಿ, ಬಾಯಲ್ಲಿ ಹಮಾಲರ ಜೊತೆ ಚೌಕಾಸಿ. ಗಡಿಯಾರ ನೋಡಿದರೆ ಎರಡೂ ಮುಕ್ಕಾಲು. ಗಾಬರಿಯಿಂದ ಫೋನು ಮಾಡಿ, ಎಂಟು ತಿಂಗಳ ರೂಢಿಯಲ್ಲಿ, ಯೋಚಿಸದೆ ಹೇಳಿಬಿಟ್ಟೆ.

"ಬಂದ್ರು ಸಾರ್. ಎರಡು ಚೊಂಬು. ಇವತ್ತು ಸ್ವಲ್ಪ ನಿಧಾನ."

ನನ್ನ ಹಿಂದೆ ಲಾರಿಯವನು ಹಾರನ್ ಹೊಡೆದ.

"ಎಲ್ಲಿದೀಯ ಸಾಹುಕಾರ?"

"ಲಗ್ಗೆರೇಲಿ ಸಾರ್."

"ಸರಿ. ನಾಳೆ ಬಾ."

ಮಾರನೆಯ ದಿನ ಮುಖ ಎತ್ತಲಾರದೆ ಕೂತಿದ್ದೆ. ಅವರು ಸಿಟ್ಟಾಗಿರಲಿಲ್ಲ. ನೋಟ್‌ಬುಕ್ಕು ತಂದು ನನ್ನ ತೊಡೆಯ ಮೇಲಿಟ್ಟರು. ಎಂಟು ತಿಂಗಳ ನನ್ನ ಮಾತುಗಳೆಲ್ಲ ಅಲ್ಲಿದ್ದವು, ಒಂದೊಂದರ ಮೇಲೂ ಕೆಂಪು ಗೀಟು. ಕೈಜಾರಿದ ಚೊಂಬು, ದೂಳಿನ ದಿನ, ಯಾವುದನ್ನೂ ಬಿಟ್ಟಿರಲಿಲ್ಲ.

"ಎಲ್ಲ ರಿಜೆಕ್ಟ್," ಅಂದರು. "ಎರಡನೇ ದಿನಾನೇ ಗೊತ್ತಾಯ್ತು."

"ಮತ್ತೆ ದಿನಾ ಯಾಕೆ ಕರೆದ್ರಿ ಸಾರ್?"

ಮೊದಲ ಪುಟ ತಿರುಗಿಸಿದರು. ಅಲ್ಲಿ ಗೀಟಿರಲಿಲ್ಲ. ಎರಡು ಚೊಂಬು, ಎರಡನೆಯದು ಅರ್ಧ ಎಂದು ಬರೆದಿತ್ತು. ಸಹಿಯ ಜಾಗ ಖಾಲಿಯಿತ್ತು.

"ಎರಡನೇ ಚೊಂಬಿನ ಅರ್ಧ ನೀರನ್ನ ಅವಳು ಕರಿಬೇವಿನ ಗಿಡಕ್ಕೆ ಹಾಕ್ತಿದ್ಲು. ಮದುವೆಯಾದ ವರ್ಷ ನೆಟ್ಟ ಗಿಡ. ಇದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಮಗಳಿಗೂ ಗೊತ್ತಿಲ್ಲ. ಅವತ್ತು ನಿಂಗೆ ಕೇಳಿತ್ತು." ಸಹಿಯ ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಒಂದು ಸಲ ಕೇಳಿದ್ರೆ ಸಹಿ ಹಾಕೋಕಾಗಲ್ಲ ಕಣಯ್ಯ. ಇನ್ನೊಂದು ಸಲ ನಿಜವಾಗ್ಲೂ ಕೇಳ್ಲಿ ಅಂತ ಕಾಯ್ತಾ ಇದ್ದೆ. ಕೇಳಿತ್ತು ತಾನೆ ಅವತ್ತು?"

ಅದೂ ಸುಳ್ಳೇ. ಅದನ್ನು ಹೇಗೆ ಕಟ್ಟಿದೆನೆಂದು ನನಗೆ ಚೆನ್ನಾಗಿ ನೆನಪಿದೆ. ಮೇಲೆ ಬರೆದಿದ್ದೇನೆ ಕೂಡ. ಆದರೆ ಅವರ ಮುಂದೆ ಕೂತಿದ್ದಾಗ, ನೂರು ಕೊರತೆಗಳಿರುವಾಗ ಅದೊಂದೇ ಕೊರತೆ ನನ್ನ ಬಾಯಿಗೆ ಯಾಕೆ ಬಂತೆಂದು ಯೋಚಿಸಿದೆ. ಹೌದು ಎನ್ನಲಿ, ಇಲ್ಲ ಎನ್ನಲಿ, ಎರಡರಲ್ಲಿ ಯಾವುದು ಸುಳ್ಳೆಂದು ನನಗೇ ಗೊತ್ತಿರಲಿಲ್ಲ. ತಲೆಯಾಡಿಸಿದೆ. ಹೇಗೆ ಆಡಿಸಿದೆನೋ, ಅವರು ಹೇಗೆ ತಿಳಿದುಕೊಂಡರೋ. ಎದ್ದು ಹೋಗಿ ಅನ್ನ ಬಡಿಸಿದರು. ಅದಾಗಿ ಮೂರು ವಾರಕ್ಕೆ ಹೋಗಿಬಿಟ್ಟರು.

ಕಾರ್ಯ ಮುಗಿಸಿ ಹೊರಡುವಾಗ ಮಗಳು ಬೀಗದ ಕೈಯನ್ನು ನನಗೆ ಕೊಟ್ಟಳು. ಒಳ್ಳೆಯ ಬಾಡಿಗೆಯವರನ್ನು ನೋಡಿ ಎಂದಳು. ಮೆಟ್ರೋಗೂ ಹತ್ತಿರ, ಕಾವೇರಿ ನೀರಿದೆ, ನಾನು ಮನಸ್ಸು ಮಾಡಿದರೆ ಒಂದು ದಿನದ ಕೆಲಸ. ಈಗಾಗಲೇ ಐದು ಜನ ಕೇಳಿದರು. ಗೋಡೆ ತೇವ, ಚರಂಡಿ ಕಟ್ಟಿಕೊಳ್ಳುತ್ತೆ, ಬೇರೆ ಕಡೆ ನೋಡಿ ಎಂದು ಐವರಿಗೂ ಸಲಹೆ ಕೊಟ್ಟು ಕಳಿಸಿದೆ.

ದಿನವೂ ಹೋಗುತ್ತೇನೆ. ಅವರ ಕುರ್ಚಿಯಲ್ಲಿ ಕೂರುವುದಿಲ್ಲ, ಕಿಟಕಿಯ ಹತ್ತಿರವೇ ಕೂರುತ್ತೇನೆ. ನೋಟ್‌ಬುಕ್ಕು ಅಲ್ಲೇ ಇದೆ. ಅವರು ಬಿಟ್ಟ ಪುಟದಿಂದ ಮುಂದುವರಿಸಿದ್ದೇನೆ. ನಾನು ಬರೆದದ್ದರಲ್ಲಿ ಒಂದಕ್ಕೂ ಅವರು ಕೆಂಪು ಗೀಟು ಎಳೆಯುವಂತಿಲ್ಲ. ಇವತ್ತಿನದನ್ನೂ ಬರೆದು, ಬಾಗಿಲು ಹಾಕಿಕೊಂಡು ಈಗ ತಾನೇ ಬಂದೆ: ಕೇಳಲಿಲ್ಲ.